ಟೀ ರಾಗಿಯೂ ಹಾಲಕ್ಕನ ಅಕ್ಕಡಿ ಸಾಲೂ

ಕೃಷಿ ಸಂಶೋಧನೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೂತು ಕಾಫಿ ಕುಡಿದ ಮೇಲೆ ಎಲ್ಲರೂ ಕೇಳುವುದು ಒಂದೇ: "ಸಾರ್, ಹೊಸ ತಳಿ ಮಾಡೋದಕ್ಕೆ ಮುಖ್ಯವಾಗಿ ಏನು ಬೇಕು?" ನಾನು ಹೇಳುತ್ತೇನೆ, "ಎರಡು ಫ್ಲಾಸ್ಕ್ ಬೇಕು. ಎರಡರ ಮೇಲೂ ಗುರುತು ಇರಬೇಕು." ಅವರು ನಗುತ್ತಾರೆ. ನಗಲಿ. ನನ್ನ ಇಡೀ ಜೀವನ ಗುರುತಿಲ್ಲದ ಒಂದು ಫ್ಲಾಸ್ಕಿನಿಂದ ಹೊರಟಿದ್ದು. ಅದನ್ನು ಒಂದು ಸಲ ನೆಟ್ಟಗೆ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ.

ಅಜ್ಜಂಪುರದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ನಮ್ಮ ಹಳ್ಳಿ. ಊರಿನ ಒಂದು ಮಗ್ಗುಲಿಗೆ ಕೆಂಪು ನೆಲ, ಇನ್ನೊಂದು ಮಗ್ಗುಲಿಗೆ ಕಪ್ಪು ಎರೆ ಮಣ್ಣು. ಕೆಂಪಿನಲ್ಲಿ ರಾಗಿ, ಎರೆಯಲ್ಲಿ ಜೋಳ, ಹತ್ತಿ, ಈರುಳ್ಳಿ. ನಾನು ಏಳನೇ ತರಗತಿಗೇ ಶಾಲೆ ಬಿಟ್ಟೆ. ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ, ತಲೆಯಲ್ಲಿ ಬುದ್ಧಿಗೂ ಕೊರತೆ ಇರಲಿಲ್ಲ. ಬಿಟ್ಟದ್ದು ಬರೀ ಜಂಬಕ್ಕೆ. ನಾನು ಕೂರಿಗೆ ಹಿಡಿದರೆ ಬಿತ್ತನೆ ಸಾಲು ದಾರ ಹಿಡಿದು ಎಳೆದ ಹಾಗೆ ಬರುತ್ತಿತ್ತು. ದೊಡ್ಡವರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಶಾಲೆಯಲ್ಲಿ ಮಾತ್ರ ಮೇಷ್ಟ್ರು ನನ್ನ ಅಕ್ಷರದ ಸಾಲು ಸೊಟ್ಟ ಅಂತ ಕಿವಿ ಹಿಂಡುತ್ತಿದ್ದರು. ಒಂದು ದಿನ ಮನೆಗೆ ಬಂದವನೇ ಅಪ್ಪನಿಗೆ ಹೇಳಿದೆ: "ಹೊಲದಾಗೆ ಮರ್ಯಾದೆ ಕೊಡ್ತಾರೆ, ಇಸ್ಕೂಲ್ನಾಗೆ ಕಿವಿ ಹಿಂಡ್ತಾರೆ. ನಾನು ನಾಳೆಯಿಂದ ಹೋಗಲ್ಲ."

ಅಪ್ಪ ತಲೆ ಎತ್ತಲಿಲ್ಲ. "ಹಂಗಾದ್ರೆ ಎತ್ತಿಗೆ ಹುಲ್ಲು ಹಾಕು ಹೋಗು" ಅಂದರು. ನನ್ನ ಓದು ಅಲ್ಲಿಗೆ ಮುಗಿಯಿತು ಅಂತ ನಾನೂ ನಂಬಿದೆ, ಎತ್ತುಗಳೂ ನಂಬಿದವು.

ಎಪ್ಪತ್ತರ ದಶಕದ ಮೊದಲಲ್ಲಿ ಕಡೂರಿಗೂ ಬೀರೂರಿಗೂ ನಡುವೆ ಇದ್ದ ರಾಗಿ ಸಂಶೋಧನಾ ಕೇಂದ್ರವೊಂದರಲ್ಲಿ ಕೂಲಿಗೆ ಆಳು ಬೇಕು ಎಂಬ ಸುದ್ದಿ ಬಂತು. ಸಾಲು ನೆಟ್ಟಗೆ ಹೊಡೆಯುವವರೇ ಬೇಕಂತೆ. ಹಾಗೆ ಅಂದಮೇಲೆ ನನ್ನನ್ನು ಹಿಡಿಯುವವರು ಯಾರು? ಅಜ್ಜಂಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಬೀರೂರಿನಲ್ಲಿ ಇಳಿದು ಕೇಂದ್ರಕ್ಕೆ ಹೋದೆ. ಅಲ್ಲಿ ಬಿತ್ತುವ ಹೆಂಗಸರ ಮುಂದಾಳು ಹಾಲಮ್ಮ. ಗಂಡ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ಎಲ್ಲರೂ ಅವಳನ್ನು ಹಾಲಕ್ಕ ಅನ್ನುತ್ತಿದ್ದರು. ನಾನು ಒಂದು ಸಾಲು ಹೊಡೆದು, ಹೊಗಳಿಕೆಗೆ ಕಾದು, ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅವಳು ಆ ಕಡೆಯಿಂದ ಈ ಕಡೆಗೆ ಸಾಲು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಸಾಲು ನೆಟ್ಟಗೈತೆ" ಅಂದಳು. "ಆಳೇ ಯಾಕೋ ಸೊಟ್ಟ ನಿಂತವ್ನೆ."

ಹೆಂಗಸರೆಲ್ಲ ನಕ್ಕರು. ನನಗೆ ಕೆಲಸ ಸಿಕ್ಕಿತು.

ಕೇಂದ್ರದ ಮುಖ್ಯಸ್ಥರು ಖಾದರ್ ಸಾಹೇಬರು. ತರೀಕೆರೆಯ ಹಳೇ ಮನೆತನದವರು, ರಾಗಿಯ ತಳಿ ವಿಜ್ಞಾನಿ. ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ನಮ್ಮಂಥದೇ ಕನ್ನಡ. ಅವರ ಮನಸ್ಸು ತಿಳಿಯಲು ಮುಖ ನೋಡಬೇಕಾಗಿರಲಿಲ್ಲ, ಭಾಷೆ ಕೇಳಿದರೆ ಸಾಕಿತ್ತು. ಸಿಟ್ಟು ಬಂದರೆ ಇಂಗ್ಲಿಷು, ಖುಷಿಯಾದರೆ ದಖ್ಖನಿ. ಜೀಪಿನಿಂದ ಇಳಿಯುತ್ತಲೇ ಇಂಗ್ಲಿಷು ಕೇಳಿಸಿದರೆ ನಾವೆಲ್ಲ ಬಗ್ಗಿ ಕಳೆ ಕೀಳಲು ಶುರುಮಾಡುತ್ತಿದ್ದೆವು, ಕಳೆ ಇರಲಿ ಇಲ್ಲದಿರಲಿ.

ಈಗ ಫ್ಲಾಸ್ಕಿನ ಕಥೆ. ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ಒಂದೊಂದು ಹೂವಿನಲ್ಲೂ ಗಂಡು ಹೆಣ್ಣು ಎರಡೂ ಇರುತ್ತವೆ. ಹೊರಗಿನವರ ಹಂಗಿಲ್ಲದೆ ತಮ್ಮಷ್ಟಕ್ಕೆ ಕಾಳು ಕಟ್ಟಿಕೊಳ್ಳುತ್ತವೆ. ಎರಡು ತಳಿ ಬೆರೆಸಬೇಕಾದರೆ ತಾಯಿ ತೆನೆಯ ಪರಾಗ ಸಾಯಬೇಕು, ಹೆಣ್ಣು ಭಾಗ ಬದುಕಬೇಕು. ಅದಕ್ಕೆ ಆಗ ನಾವು ಮಾಡುತ್ತಿದ್ದ ಉಪಾಯ ಬಿಸಿನೀರು. ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಹದವಾದ ಬಿಸಿನೀರು ತಂದು, ಗಿಡ ಬಗ್ಗಿಸಿ, ತೆನೆಯನ್ನು ಅದರೊಳಗೆ ಸ್ವಲ್ಪ ಹೊತ್ತು ಅದ್ದುವುದು. ಆಮೇಲೆ ತಂದೆ ತಳಿಯ ತೆನೆಯನ್ನು ಅದರ ಪಕ್ಕಕ್ಕೆ ಸೇರಿಸಿ ಕಟ್ಟಿ, ಕಾಗದದ ಚೀಲ ಮುಚ್ಚುವುದು. ನೀರು ಆರಿದ್ದರೆ ಪರಾಗ ಸಾಯುವುದಿಲ್ಲ, ಸುಟ್ಟರೆ ತೆನೆಯೇ ಸಾಯುತ್ತದೆ.

ಒಂದು ಬೆಳಿಗ್ಗೆ ಸಾಹೇಬರು ಬದುವಿನ ಮೇಲೆ ಕೂತು, "ಓಂಕಾರಿ, ಆ ಫ್ಲಾಸ್ಕ್ ತಗೊಂಡು ಆ ಮೂಲೆ ತೆನೆ ಅದ್ದು" ಅಂದರು. ನಾನು ಶ್ರದ್ಧೆಯಿಂದ ಅದ್ದಿದೆ. ತೆನೆ ಹೊರಗೆ ತೆಗೆದಾಗ ಅದು ಕೆಂಚಗಿತ್ತು. ಘಮ್ ಅಂತ ಶುಂಠಿ ವಾಸನೆ. ಅದೇ ಹೊತ್ತಿಗೆ ಬದುವಿನ ಕಡೆಯಿಂದ ಇಂಗ್ಲಿಷು ಕೇಳಿಸಿತು. ಸಾಹೇಬರು ಇನ್ನೊಂದು ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿಕೊಂಡು ಒಂದು ಗುಟುಕು ಬಿಸಿನೀರು ಕುಡಿದಿದ್ದರು.

ಹಾಲಕ್ಕ ಓಡಿ ಬಂದು ತೆನೆ ಮೂಸಿದಳು. "ಸ್ವಾಮಿ, ಸಕ್ಕರೆನೂ ಐತೆ" ಅಂದಳು.

ಸಾಹೇಬರ ಇಂಗ್ಲಿಷು ಅಲ್ಲೇ ನಿಂತುಹೋಯಿತು. ನಗು ತಡೆದುಕೊಂಡು, "ಅದ್ದಿದ್ದಾಯ್ತಲ್ಲ, ಇನ್ನೇನ್ ಮಾಡ್ತೀಯ? ಕಟ್ಟು. ಚೀಟಿ ಮೇಲೆ ಟೀ ಅಂತ ಬರಿ" ಅಂದರು. ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ.

ಮುಂದಿನ ಹಂಗಾಮಿನಲ್ಲಿ ಆ ತೆನೆಯ ಕಾಳು ಬಿತ್ತಿದೆವು. ತಾಯಿ ತಳಿ ಹಸಿರು ಗಿಡ, ತಂದೆ ತಳಿಯ ಬುಡ ನೇರಳೆ. ಬೆರಕೆ ಆಗಿಲ್ಲದಿದ್ದರೆ ಸಸಿಗಳೆಲ್ಲ ಹಸಿರಾಗಿಯೇ ಬರಬೇಕು. ನಾನು ಮೊಣಕಾಲೂರಿ ನೋಡುತ್ತಾ ಹೋದೆ. ಹಸಿರು, ಹಸಿರು, ಹಸಿರು. ಅದರ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಬುಡದ ಸಸಿ! ಸಾಹೇಬರನ್ನು ಕೂಗಿದೆ. ಬಂದರು, ಬಗ್ಗಿದರು, ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.

"ಅರೆ ವಾಹ್! ಕ್ಯಾ ಬಾತ್ ಹೈ!"

ದಖ್ಖನಿ ಕೇಳಿ ಕಳೆ ಕೀಳುತ್ತಿದ್ದವರೆಲ್ಲ ಎದ್ದು ನಿಂತರು. ಆ ದಿನ ಬೆಳಗಿನಿಂದ ಆರುತ್ತಾ ಬಂದಿದ್ದ ಟೀ ನಾನು ತೆನೆ ಅದ್ದುವ ಹೊತ್ತಿಗೆ ಸರಿಯಾಗಿ ಬೇಕಾದ ಬಿಸಿಯಲ್ಲಿತ್ತು ಅಂತ ಕಾಣುತ್ತದೆ.

ಆ ನೇರಳೆ ಗಿಡಗಳ ಕಾಳನ್ನು ಮತ್ತೆ ಬಿತ್ತಿದಾಗ ಮೂರು ಸಸಿ ನೇರಳೆಯಾದರೆ ಒಂದು ಹಸಿರು, ಹೆಚ್ಚುಕಮ್ಮಿ ಆ ಲೆಕ್ಕದಲ್ಲಿ ಬಂದವು. ನನಗೆ ತಲೆಕೆಟ್ಟುಹೋಯಿತು. ಮಗನಲ್ಲಿ ಕಾಣಿಸದೆ ಹೋದ ಅಜ್ಜಿಯ ಬಣ್ಣ ಮೊಮ್ಮಗನಲ್ಲಿ ಎಲ್ಲಿಂದ ಬಂತು? ಸಾಹೇಬರನ್ನು ಕೇಳಿದೆ.

"ಉತ್ತರ ಪುಸ್ತಕದಾಗೈತೆ. ಎಷ್ಟು ಓದಿದೀಯ?"

"ಏಳನೇ ಕ್ಲಾಸ್ ಸಾರ್."

"ಹಂಗಾದ್ರೆ ನಿನ್ನ ರಾಗಿ ನಿನಗಿಂತ ಮುಂದೆ ಹೋಗುತ್ತೆ ಬಿಡು. ತಳಿ ಸ್ಥಿರ ಆಗೋದಕ್ಕೆ ಇನ್ನೂ ಏಳೆಂಟು ತಲೆಮಾರು ಬೇಕು. ನಾನು ಬೆಳೆಸ್ತಾ ಇರ್ತೀನಿ. ನೀನು ಹಿಂಗೇ ಸಾಲು ಹೊಡ್ಕೊಂಡಿರು."

ಜಂಬದವನಿಗೆ ಇಷ್ಟು ಸಾಕು. ಆ ವಾರವೇ ಹಳೇ ಪುಸ್ತಕ ಹೊಂದಿಸಿಕೊಂಡು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುವುದಕ್ಕೆ ಓದಲು ಕೂತೆ. ಬೀರೂರು ಸ್ಟೇಷನ್ನಿನ ಬೆಂಚೇ ನನ್ನ ಹೈಸ್ಕೂಲು. ಹೊಲದಲ್ಲಿ ಕಳೆ ಕೀಳುವಾಗ ಪಾಠ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಎಡವಿದರೆ ಹಾಲಕ್ಕ ಹಿಂದಿನಿಂದ, "ನಿನ್ನೆ ಬೇರೆ ಥರ ಹೇಳ್ದೆ ಕಣೋ" ಅನ್ನುತ್ತಿದ್ದಳು. ಮೊದಲ ಸಲ ಇಂಗ್ಲಿಷಿನಲ್ಲಿ ಫೇಲಾದೆ. ಸಾಹೇಬರು ಸಮಾಧಾನ ಹೇಳಲಿಲ್ಲ. "ಟೀ ರಾಗಿ ನಾಲ್ಕನೇ ತಲೆಮಾರಿಗೆ ಪಾಸಾಯ್ತು" ಅಂದರು, ಅಷ್ಟೇ.

ಎರಡನೇ ಸಲ ಪಾಸಾದೆ. ಪಿಯುಸಿಗೆ ಮಠವೊಂದರ ಹಾಸ್ಟೆಲ್ಲಿನಲ್ಲಿ ಊಟ, ವಸತಿ ಸಿಕ್ಕಿತು. ಅಲ್ಲಿಂದ ಕೃಷಿ ಕಾಲೇಜು. ಕಾಲೇಜಿನಲ್ಲಿ ನನ್ನಷ್ಟು ವಯಸ್ಸಾದವನು ಇನ್ನೊಬ್ಬನಿರಲಿಲ್ಲ. ಹುಡುಗರು ನನ್ನನ್ನು "ಮಾವ" ಅನ್ನುತ್ತಿದ್ದರು. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ರಾಗಿ ಹೂವು ನೋಡಿದ ದಿನ ನೆನಪಿದೆ. ಮೂರು ಪುಟ್ಟ ಪರಾಗದ ಚೀಲ, ಎರಡು ಗರಿಯಂಥ ಕುಚ್ಚು. ಇಷ್ಟು ವರ್ಷ ನಾನು ಅದ್ದುತ್ತಿದ್ದದ್ದು ಇದನ್ನೇನಾ ಅಂತ ಕಣ್ಣು ತೆಗೆಯಲೇ ಇಲ್ಲ. ಹಿಂದೆ ಸಾಲಿನಲ್ಲಿದ್ದ ಹುಡುಗ, "ಮಾವ, ನಮಗೂ ಒಂಚೂರು ಬಿಡು" ಅಂತ ಅಂಗಿ ಎಳೆದ.

ರಜೆಗೆ ಬಂದಾಗಲೆಲ್ಲ ಸಾಹೇಬರದು ಒಂದೇ ಪ್ರಶ್ನೆ: "ನಿಂದು ಎಷ್ಟನೇ ವರ್ಷ?" ಒಂದು ಸಲ ತಾವೇ ಸೇರಿಸಿದರು, "ರಾಗಿದು ಆಗ್ಲೇ ಏಳನೇ ತಲೆಮಾರು." ಓಟದಲ್ಲಿ ರಾಗಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ.

ಎಂ.ಎಸ್ಸಿ. ಮುಗಿಸಿ ಎಂಬತ್ತರ ದಶಕದಲ್ಲಿ ಅದೇ ಕೇಂದ್ರಕ್ಕೆ ಸಂಶೋಧನಾ ಸಹಾಯಕನಾಗಿ ಬಂದೆ. ತಾತ್ಕಾಲಿಕ ಕೆಲಸ, ಆ ವರ್ಷಕ್ಕೇ ಮುಗಿಯುವಂಥದು. ಸಾಹೇಬರಿಗೂ ನಿವೃತ್ತಿ ಹತ್ತಿರವಾಗಿತ್ತು. ಅವರು ಒಂದು ಬಟ್ಟೆಯ ಚೀಲ ನನ್ನ ಕೈಗಿಟ್ಟರು. "ತಗೋ, ನಿನ್ನ ಆಸ್ತಿ." ಸ್ಥಿರವಾದ ಟೀ ರಾಗಿ! ಅದನ್ನು ಬೇರೆ ತಳಿಗಳ ಜೊತೆ ಬೆಳೆದು ಹೋಲಿಸುವ ಪ್ರಯೋಗ ಹಾಕಬೇಕು. ಬೆಳೆಯ ಕೊನೆಗೆ ವಿಶ್ವವಿದ್ಯಾಲಯದಿಂದ ಪರಿಶೀಲನಾ ತಂಡ ಬರುತ್ತದೆ. ಪಿಎಚ್.ಡಿ. ಸೀಟಿಗೂ ಪಾಠ ಹೇಳುವ ಕೆಲಸಕ್ಕೂ ಸಾಹೇಬರು ನನ್ನ ಹೆಸರು ಕಳಿಸಿದ್ದರು. ಪ್ರಯೋಗ ಚೆನ್ನಾಗಿ ಕಂಡರೆ ಅದು ಗಟ್ಟಿ. ಕೆಟ್ಟರೆ ನಾನು ವಾಪಸ್ ಅಪ್ಪನ ಕೂರಿಗೆಗೆ.

ಹೆಂಗಸರು ನನ್ನನ್ನು "ಸಾರ್" ಅನ್ನಲು ಕಷ್ಟಪಟ್ಟರು. ಹಾಲಕ್ಕ ಪ್ರಯತ್ನವನ್ನೇ ಮಾಡಲಿಲ್ಲ. "ಇವ್ನಿಗೆ ಸಾರ್ ಅನ್ನಕ್ಕೆ ನನ್ ನಾಲಿಗೆ ಹೊರಳಲ್ಲ ಕಣ್ರೇ. ಇವ್ನು ಟೀನಾಗೆ ತೆನೆ ಅದ್ದಿದೋನು."

ಬಿತ್ತನೆಯ ಮಳೆ ಬಂದ ದಿನ ನಾನು ಕೇಂದ್ರದಲ್ಲಿ ಇರಲಿಲ್ಲ. ಅಜ್ಜಂಪುರದ ಕಡೆ ಎರೆಯಲ್ಲಿ ಇನ್ನೊಂದು ಪ್ರಯೋಗ ನೋಡಲು ಹೋಗಿದ್ದೆ. ಎರೆ ನೆನೆದರೆ ಗೊತ್ತಲ್ಲ, ಒಂದೊಂದು ಕಾಲಿಗೂ ಒಂದೊಂದು ಕುಕ್ಕೆಯಷ್ಟು ಮಣ್ಣು. ನಮ್ಮ ಬಸ್ಸು ಗಾಲಿ ಮುಳುಗಿಸಿಕೊಂಡು ಕೂತುಬಿಟ್ಟಿತು. ಮರುದಿನ ರೈಲು ಹಿಡಿದು ಬರುವಷ್ಟರಲ್ಲಿ ಇಲ್ಲಿ ಬಿತ್ತನೆ ಮುಗಿದಿತ್ತು. ಹದ ತಪ್ಪಿಸಬಾರದು ಅಂತ ಸಾಹೇಬರೇ ಹಾಲಕ್ಕನ ತಂಡಕ್ಕೆ ಹೇಳಿ ಬಿತ್ತಿಸಿದ್ದರು. ಯಾವ ತಾಕಿಗೆ ಯಾವ ಬೀಜ ಎಂಬ ಪೊಟ್ಟಣಗಳನ್ನು ನಾನು ಮೊದಲೇ ಜೋಡಿಸಿಟ್ಟಿದ್ದೆ. ಸಾಲುಗಳು ಅಚ್ಚುಕಟ್ಟು. ಖುಷಿಯಿಂದ ಮಲಗಿದೆ.

ವಾರ ಕಳೆದು ಮೊಳಕೆ ಎದ್ದಾಗ ನೋಡಲು ಹೋದೆ. ಮೊದಲ ತಾಕಿನ ನಡುಮಧ್ಯ ರಾಗಿ ಇರಬೇಕಾದ ಒಂದು ಸಾಲಿನಲ್ಲಿ ದಪ್ಪ ದಪ್ಪ ಎರಡೆಲೆಯ ಸಸಿಗಳು. ಅವರೆ! ಅದರ ಜೊತೆಗೆ ಸಾಸಿವೆ. ಎರಡನೇ ತಾಕಿನಲ್ಲೂ. ಮೂರನೇದರಲ್ಲೂ. ಪ್ರಯೋಗದ ಉದ್ದಕ್ಕೂ!

ನಮ್ಮ ಕಡೆ ರಾಗಿ ಹೊಲಕ್ಕೆ ಅಕ್ಕಡಿ ಹಾಕುವುದು ಎಲ್ಲರಿಗೂ ಗೊತ್ತು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಸಾಸಿವೆ. ಆದರೆ ಸಂಶೋಧನಾ ಕೇಂದ್ರದಲ್ಲಿ ರಾಗಿ ಅಂದರೆ ಬರೀ ರಾಗಿ. ಹಾಲಕ್ಕ ಅಷ್ಟು ವರ್ಷದಿಂದ ಬಿತ್ತುತ್ತಿದ್ದಾಳೆ, ಒಂದು ಸಲವೂ ಹೀಗೆ ಮಾಡಿರಲಿಲ್ಲ.

"ಏನಕ್ಕ ಇದು?" ಹಾಲಕ್ಕನನ್ನು ಕರೆದು ತೋರಿಸಿದೆ.

"ಯಾವ್ದೋ?" ಅಂತ ಬಗ್ಗಿ ನೋಡಿ ಮುಖ ಅರಳಿಸಿದಳು. "ಹಾ, ಎಷ್ಟು ಚೆಂದ ಎದ್ದೈತೆ ನೋಡು! ಮನೇಲಿ ಬೀಜಕ್ಕೆ ಇಟ್ಟಿದ್ದ ಅವರೆ ಕಣೋ. ಮಡ್ಲಾಗೆ ತುಂಬ್ಕೊಂಡು ಬಂದಿದ್ದೆ."

"ಪ್ರಯೋಗದ ತಾಕಿಗೆ ಯಾರಾದ್ರೂ ಅಕ್ಕಡಿ ಹಾಕ್ತಾರಾ? ಇಷ್ಟು ವರ್ಷ ಯಾವಾಗಾದ್ರೂ ಹಾಕಿದ್ಯಾ?"

"ಅವೆಲ್ಲ ಸರ್ಕಾರದ ರಾಗಿ, ಅವಕ್ಕೆ ನಾನ್ಯಾಕೆ ಹಾಕ್ಲಿ? ಇದು ನಿಂದು. ನಮ್ ಹುಡುಗ ಹುಟ್ಟಿಸಿದ ರಾಗಿನ ಬರೀ ಹೊಲಕ್ಕೆ ಬಿತ್ತಿದ್ರೆ ನೋಡಿದೋರು ಏನಂತಾರೆ? ಮಡ್ಲು ತುಂಬದೆ ಹೆಣ್ಣು ಕಳಿಸಿದಂಗೆ ಆಗಲ್ವೇನೋ?"

ಹಿಂದೆ ನಿಂತಿದ್ದ ಹೆಂಗಸರೆಲ್ಲ ತಲೆಯಾಡಿಸಿದರು. ಎಲ್ಲರೂ ಮನೆಯಿಂದ ಒಂದೊಂದು ಹಿಡಿ ತಂದಿದ್ದರಂತೆ. ಅವರೆ ಕಿತ್ತುಹಾಕಿದರೂ ಆ ಸಾಲಿನಲ್ಲಿ ರಾಗಿ ಇಲ್ಲ. ಮತ್ತೆ ಬಿತ್ತೋಣವೆಂದರೆ ಹದ ಆರಿಹೋಗಿದೆ. ಸಪ್ಪೆ ಮುಖ ಹಾಕಿಕೊಂಡು ಸಾಹೇಬರ ಬಳಿಗೆ ಹೋದೆ.

ಅವರು ಕೇಳಿದ್ದು ಒಂದೇ ಮಾತು. "ಎಲ್ಲಾ ತಾಕಿಗೂ ಹಾಕಿದಾಳಾ? ಒಂದೇ ಥರ?"

ಇಬ್ಬರೂ ಹೊಲಕ್ಕಿಳಿದೆವು. ಒಂದೊಂದೇ ತಾಕು ನೋಡುತ್ತಾ ಹೋದೆವು. ಒಂದು ತಾಕಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೋಲಿಕೆಯೇ ಸತ್ತಂತೆ. ಎಲ್ಲ ಕಡೆಯೂ ಅದೇ ನಡುಸಾಲು. ಟೀ ರಾಗಿಯ ತಾಕಿಗೆ ಹಾಕಿದ್ದನ್ನೇ ಬೇರೆ ತಳಿಗಳಿಗೂ ಹಾಕಿದ್ದಳು. ಸಾಹೇಬರು ಕೇಳಿದ್ದಕ್ಕೆ, "ಪಂಕ್ತಿನಾಗೆ ಕೂತೋರಿಗೆ ಒಬ್ಬರಿಗೆ ಬಡ್ಸಿ ಒಬ್ಬರಿಗೆ ಬಿಡಕ್ಕಾಗುತ್ತಾ ಸ್ವಾಮಿ?" ಅಂದಳು.

ಕೊನೆಯ ಬದುವಿನ ಮೂಲೆಯಲ್ಲಿ ಒಂದು ಕುಂಬಳದ ಸಸಿ ಇತ್ತು.

"ಇದ್ಯಾವ ಪ್ರಯೋಗ ಹಾಲಮ್ಮ?"

"ಅದು ನನ್ ಮಗಳ ಮನೆಗೆ ಸ್ವಾಮಿ."

ಸಾಹೇಬರು ಬದುವಿನ ಮೇಲೆ ಕೂತು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಸುನ್ ಬೇಟಾ" ಅಂದರು. ದಖ್ಖನಿ! ನನಗೆ ಅರ್ಧ ಜೀವ ಬಂತು. "ತಪ್ಪು ಎಲ್ಲಾ ತಾಕಿನಲ್ಲೂ ಒಂದೇ ಥರ ಇದ್ರೆ ಹೋಲಿಕೆ ಕೆಡಲ್ಲ. ಅಕ್ಕಡಿ ಜೊತೆ ಯಾವ ರಾಗಿ ಹೆಂಗೆ ಬರುತ್ತೆ ಅಂತ ನೋಡು. ರಾಗಿನೂ ತೂಗು, ಅವರೆನೂ ತೂಗು. ನಮ್ಮ ರೈತರು ಬೆಳೆಯೋದೇ ಹಂಗಲ್ವಾ?"

ಆ ವರ್ಷ ನಾನು ದುಡಿದ ಹಾಗೆ ಹಿಂದೆಯೂ ದುಡಿದಿಲ್ಲ, ಮುಂದೆಯೂ ಇಲ್ಲ. ಟೀ ರಾಗಿ ಎಲ್ಲದಕ್ಕಿಂತ ಮುಂಚೆ ಮಾಗಿತು, ಎಲ್ಲದಕ್ಕಿಂತ ಮುಂಚೆ ಕೊಯ್ದೆವು. ಅದರ ತಾಕಿನಲ್ಲಿ ಅವರೆಗೆ ಬೇಗ ಬಯಲು ಸಿಕ್ಕಿ, ಮಂಜು ಕುಡಿದು, ಬಳ್ಳಿ ತುಂಬ ಸೊಗಡು ಹಿಡಿದ ಕಾಯಿ. ಹಾಲಕ್ಕ ಒಂದು ಕಾಯಿ ಕಿತ್ತಳು. ನಾನು ಕೂಗಿದೆ: "ತೂಕ ಆಗೋವರೆಗೂ ಮುಟ್ಟಂಗಿಲ್ಲ!"

"ನಾನು ಬಿತ್ತಿದ ಅವರೆ, ನಾನು ಮುಟ್ಟಬಾರದಾ?"

"ಮುಟ್ಟಬಾರದು."

"ಸಾರ್ ಆಗ್ಬಿಟ್ಟ ಕಣ್ರೇ ಇವ್ನು!" ಕಿತ್ತ ಕಾಯಿ ತಂದು ತಕ್ಕಡಿಗೆ ಹಾಕಿದಳು. ಅವಳ ಬಾಯಲ್ಲಿ ಸಾರ್ ಅನ್ನಿಸಿಕೊಂಡದ್ದು ಅದೇ ಮೊದಲು.

ಪರಿಶೀಲನಾ ತಂಡ ಬಂತು. ಹಿರಿಯರೊಬ್ಬರು ತಾಕಿನ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು. "ರಾಗಿ ಪ್ರಯೋಗದಾಗೆ ಅವರೆ! ಯಾರ್ರೀ ಈ ಯೋಜನೆ ಮಾಡಿದ್ದು?"

ನನ್ನದು ಅಂದುಬಿಡಬಹುದಿತ್ತು. ಬಾಯಿ ಬರಲಿಲ್ಲ. "ಹಾಲಮ್ಮ ಅಂತ ಸಾರ್" ಅಂದೆ. ಅವರು ಆ ಹೆಸರಿನ ವಿಜ್ಞಾನಿಯನ್ನು ಹುಡುಕಿ ಸುತ್ತ ನೋಡಿದರು. ಹಾಲಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, "ನಾನೇ ಸ್ವಾಮಿ. ಹುಡುಗನ ರಾಗಿ ಅಂತ ಹಾಕ್ದೆ. ಮನೆ ಬೀಜ, ಸರ್ಕಾರದ್ದಲ್ಲ" ಅಂದಳು. ಹಿರಿಯರು ನಗಲಿಲ್ಲ. ಟೀ ರಾಗಿಯ ತಾಕಿನ ಬಳ್ಳಿ ಎತ್ತಿ ನೋಡಿದರು, ಪಕ್ಕದ ತಾಕಿನದು ನೋಡಿದರು, ಮತ್ತೆ ವಾಪಸ್ ಬಂದರು. ನನ್ನನ್ನು ಪ್ರಶ್ನೆ ಕೇಳುತ್ತಾ ಕೇಳುತ್ತಾ ಊಟದ ಹೊತ್ತು ಮೀರಿಸಿದರು. ತೂಕ ಮುಗಿದಿದ್ದ ಅವರೆಯ ಹುಳಿಯನ್ನು ಮುದ್ದೆಯ ಜೊತೆ ಎರಡು ಸಲ ಹಾಕಿಸಿಕೊಂಡರು.

ಲೆಕ್ಕ ಹಾಕುವುದು ಆಗ ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿ. ಗರಗರ ತಿರುಗಿಸುತ್ತಾ ಕೂತರೆ ತೋಳು ನೋಯುತ್ತಿತ್ತು. ಈಗ ಹುಡುಗರು ಗುಂಡಿ ಒತ್ತುವಷ್ಟರಲ್ಲಿ ಉತ್ತರ ಬಂದುಬಿಡುತ್ತದೆ. ತಪ್ಪು ಉತ್ತರವೂ ಅಷ್ಟೇ ಬೇಗ ಬರುತ್ತದೆ, ಹುಷಾರು. ನನ್ನ ಯಂತ್ರ ಕೊನೆಗೆ ಹೇಳಿದ್ದು ಇಷ್ಟು: ರಾಗಿಯ ಇಳುವರಿಯಲ್ಲಿ ಟೀ ರಾಗಿ ಹಿಂದೆ, ಬಹಳ ಹಿಂದೆ. ಅದರ ತಾಕಿನ ಅವರೆ ಮಾತ್ರ ಎಲ್ಲದಕ್ಕಿಂತ ಮುಂದೆ.

ಕೊನೆಗೆ ವಿಶ್ವವಿದ್ಯಾಲಯದಿಂದ ಸುದ್ದಿ ಬಂತು. ಟೀ ರಾಗಿಯನ್ನು ಕೈಬಿಟ್ಟಿದ್ದರು. ನನ್ನನ್ನು ತೆಗೆದುಕೊಂಡಿದ್ದರು. ಅಕ್ಕಡಿಗೆ ಹೊಂದುವ ರಾಗಿ ಯಾವುದು ಎಂಬುದೇ ಪಿಎಚ್.ಡಿ.ಯ ವಿಷಯ, ಜೊತೆಗೆ ಪಾಠ ಹೇಳುವ ಕೆಲಸ. ಆಮೇಲೆ ನಿವೃತ್ತಿಯವರೆಗೂ ನಾನು ಹೇಳಿದ ಪಾಠ, ಮಾಡಿದ ಸಂಶೋಧನೆ ಎಲ್ಲ ಆ ನಡುಸಾಲಿನಿಂದಲೇ ಬೆಳೆದದ್ದು. ಸಾಹೇಬರು ಕೈ ಕುಲುಕಿ, "ಕೊನೆಗೂ ರಾಗಿನ ಹಿಂದೆ ಹಾಕ್ದೆ ಬಿಡು" ಅಂದರು.

ಹೇಳಲು ಹೊಲಕ್ಕೆ ಹೋದೆ. ಹಾಲಕ್ಕ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಪಕ್ಕದಲ್ಲಿ ಮಗಳ ಮನೆಗೆ ಹೊರಟಿದ್ದ ದೊಡ್ಡ ಕುಂಬಳಕಾಯಿ. ಕಾಲೇಜಿನ ವಿಷಯ ಮೊದಲು ಹೇಳಬೇಕೆಂದು ಹೋದವನ ಬಾಯಲ್ಲಿ ಮೊದಲು ಬಂದದ್ದು ಬೇರೆ.

"ನಮ್ ರಾಗಿ ಹೋಯ್ತಕ್ಕ. ಫೇಲು."

"ಮತ್ತೆ ಮೇಷ್ಟ್ರು ಕೆಲಸ ಸಿಕ್ತು ಅಂತ ಸಾಹೇಬ್ರು ಕುಣೀತಾ ಇದ್ರು?"

"ಅದು ಸಿಕ್ತು. ಅವರೆಯಿಂದ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದಳು. ಇಷ್ಟು ಓದಿದವನಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಅನ್ನುವ ನಗು.

"ಇನ್ನೇನೋ? ರಾಗಿ ಕೈ ಕೊಟ್ರೂ ಅವರೆ ಬರ್ಲಿ ಅಂತ್ಲೇ ಅಲ್ವೇನೋ ಅಕ್ಕಡಿ ಹಾಕೋದು!"